ಘಾಟಿಯ ದನಗಳ ಜಾತ್ರೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆಯನ್ನು ಮೊದಲು ಕೂಡಿಸಿದವರು ಯಾರು ಎಂದು ನನ್ನ ವಿದ್ಯಾರ್ಥಿಗಳು ಕೇಳುವುದಿತ್ತು. ರಾಜನೊಬ್ಬನ ಹೆಸರು, ಶಾಸನವೊಂದರ ವರ್ಷ ಸಿಕ್ಕರೆ ಅವರಿಗೆ ಸಮಾಧಾನ. ಇಂಥ ಜಾತ್ರೆಯ ಮೂಲವನ್ನು ತಿಳಿಯಲು ಶಾಸನಕ್ಕಿಂತ ಪಂಚಾಂಗವನ್ನೂ ಹೊಲವನ್ನೂ ನೋಡುವುದು ಲೇಸು ಎಂದು ನಾನು ಹೇಳುತ್ತಿದ್ದೆ.

ಇಲ್ಲಿಯ ಬ್ರಹ್ಮರಥೋತ್ಸವ ನಡೆಯುವುದು ಪುಷ್ಯ ಶುದ್ಧ ಷಷ್ಠಿಯಂದು, ಎಂದರೆ ಡಿಸೆಂಬರ್ ಕೊನೆಗೋ ಜನವರಿಯಲ್ಲೋ. ದನಗಳು ಅದಕ್ಕೆ ಹಲವು ದಿನ ಮೊದಲೇ ಬಂದು ಕೂಡುತ್ತವೆ. ಈ ಸೀಮೆ ರಾಗಿಯ ಸೀಮೆ. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ಪೈರು ಆ ವೇಳೆಗೆ ಕೊಯ್ಲಾಗಿ ಮೆದೆ ಸೇರಿರುತ್ತದೆ. ಉಳುಮೆಯಿಲ್ಲ, ಕೈಗೆ ಒಂದಿಷ್ಟು ಬಿಡುವು. ಬೇಸಗೆಯಲ್ಲಿ ಮೇವು ಸಾಲದೆಂದು ತಿಳಿದವನು ಮಾರುತ್ತಾನೆ; ಕೊಂಡವನಿಗೆ ಹೊಸ ಜೋಡಿಯನ್ನು ನೊಗಕ್ಕೆ ಪಳಗಿಸಲು ಮುಂಗಾರಿನವರೆಗೆ ನಾಲ್ಕಾರು ತಿಂಗಳು ದೊರೆಯುತ್ತವೆ. ದೇವರ ತಿಥಿಯೂ ಹೊಲದ ತಿಥಿಯೂ ಹೀಗೆ ಕೂಡಿದ ಕಡೆ ಜಾತ್ರೆ ತಾನಾಗಿ ಹುಟ್ಟುತ್ತದೆ ಎಂಬುದು ನನ್ನ ಎಣಿಕೆ.

ದೇಗುಲದ ಬೆಳವಣಿಗೆಗೆ ಸಂಡೂರಿನ ಘೋರ್ಪಡೆ ಮನೆತನ ನೆರವಾಯಿತೆಂಬ ಪ್ರತೀತಿ ಉಂಟು. ಆದರೆ ರೈತನಿಗೆ ಸುಬ್ರಹ್ಮಣ್ಯನೆಂದರೆ ನಾಗಪ್ಪ. ಕುರುಚಲು ಗುಡ್ಡ, ಹುತ್ತಗಳ ನಡುವೆ ದನ ಮೇಯಿಸುವವನು ಹಾವಿನ ದೈವಕ್ಕೆ ಹರಕೆ ಹೊರುವುದರಲ್ಲಿ ಅಚ್ಚರಿಯೇನು? ಹರಕೆಗೆ ಬಂದವನು ಹೋರಿಯನ್ನೂ ಹಿಡಿದು ಬಂದನು.

ಮಾತೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಯಾತ್ರೆಯೇ ನಮ್ಮಲ್ಲಿ ಜಾತ್ರೆಯಾಯಿತು. ದನವೆಂಬುದು ಧನದ ತದ್ಭವವೆಂದು ನಿಘಂಟುಕಾರರ ಮತ. ಲ್ಯಾಟಿನ್ನಿನಲ್ಲಿಯೂ ಪಶುವಿಗೆ ಪೆಕುಸ್, ಹಣಕ್ಕೆ ಪೆಕೂನಿಯ.

ಇಲ್ಲಿ ಹೆಚ್ಚಾಗಿ ಕಾಣುವುದು ಹಳ್ಳಿಕಾರ್ ತಳಿ: ಬೂದು ಮೈ, ಹಿಂದಕ್ಕೆ ಬಾಗಿ ಮೇಲೇರಿದ ಚೂಪು ಕೊಂಬು. 2000ನೆಯ ಇಸವಿಯಲ್ಲಿ ಅಂಚೆಚೀಟಿಯ ಮೇಲೂ ಅದು ಮೂಡಿತು. ಈ ಭಾಗದ ಒಕ್ಕಲಿಗೆ ಎಳೆಯ ಕರುಗಳನ್ನು ಕೊಂಡು, ಮೇಯಿಸಿ, ಪಳಗಿಸಿ ಮಾರುವುದೇ ಒಂದು ಕಸುಬು. ಕೊಳ್ಳಲು ಬಳ್ಳಾರಿ, ರಾಯಚೂರುಗಳ ಎರೆನೆಲದ ರೈತರೂ ಆಂಧ್ರದವರೂ ಬರುತ್ತಾರೆ. ಅವರು ಮೊದಲು ಬಾಯಿ ಬಿಡಿಸಿ ನೋಡುತ್ತಾರೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ. ಆಮೇಲೆ ಸುಳಿ, ಗೊರಸು, ನಡಿಗೆ. ಬೆಲೆಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಮರೆಯಲ್ಲಿ ಬೆರಳು ಬೆರಳನ್ನು ಹಿಡಿಯುತ್ತದೆ. ವ್ಯಾಪಾರ ಮುರಿದರೂ ಯಾರ ಮಾನವೂ ಹೋಗದು. ಪಕ್ಕದವನಿಗೆ ದರವೂ ತಿಳಿಯದು. ನಮ್ಮ ಕೆಲವು ವಿದ್ವತ್ಸಭೆಗಳಿಗೂ ಇಂಥ ಟವಲೊಂದು ಬೇಕಿತ್ತು!

ಈಗ ಉಳುಮೆ ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಗಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಣ ಹೊಲಗಳಿಗೆ ಬೇರೆಯೇ ಬೆಲೆ. ಪೆಂಡಾಲು ಹಾಕಿ, ವಾದ್ಯ ನುಡಿಸಿ ಮೆರೆಸುವ ಜೋಡಿಗಳಿಗೆ ಲಕ್ಷಗಳ ಮಾತು ಕೇಳಿಬರುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ನೇಗಿಲನ್ನೇ ಕಂಡಿಲ್ಲ. ಮೆರವಣಿಗೆಯ ಎತ್ತನ್ನು ಹಣವಂತ ಸಾಕಬಲ್ಲನು. ಎರಡೆಕರೆಯ ಒಕ್ಕಲು ಕರು ಸಾಕುವುದು ಉಳುವವನು ಬಂದು ಕೊಳ್ಳುವನೆಂಬ ನಂಬಿಕೆಯಿಂದ. ಆ ಉಳುವವನೇ ಬಾರದಿದ್ದರೆ ತೇರು ನಡೆದೀತು, ಜಾತ್ರೆಯ ಬೇರು ಒಣಗೀತು. 2022ರಲ್ಲಿ ಚರ್ಮಗಂಟು ರೋಗದ ದೆಸೆಯಿಂದ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೆ ನಿಷೇಧ ಬಿದ್ದಾಗ, ಮಾರಲಾಗದ ದನಕ್ಕೆ ಬೇಸಗೆಯ ಮೇವು ಎಲ್ಲಿಂದ ಎಂಬ ಚಿಂತೆ ಮೊದಲು ತಟ್ಟಿದ್ದು ಇಂಥವರ ಮನೆಗೇ.

ತೇರು ಎಳೆಯುವ ಹೊತ್ತಿಗೆ ಘಾಟಿಯ ಬಯಲು ಬಹುಪಾಲು ಖಾಲಿಯಾಗಿರುತ್ತದೆ. ಮಾರಾಟವಾಗದ ಜೋಡಿಗಳು ಹಿಂದೆ ನಡೆದು ಹೋಗುತ್ತಿದ್ದವು, ಈಗ ಲಾರಿ ಏರುತ್ತವೆ. ಶಿವರಾತ್ರಿಯ ವೇಳೆಗೆ ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಮತ್ತೊಂದು ಜಾತ್ರೆ ಕೂಡುತ್ತದೆ.