ಎಳೆಯ ಉಸಿರಿನ ಪರಿಚರ್ಯೆ

ಮಕ್ಕಳ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ವೈದ್ಯರನ್ನು ಎಲ್ಲರೂ ಗುರುತಿಸುತ್ತಾರೆ. ದಾದಿಯರನ್ನು ಉಡುಪಿನಿಂದಲೇ ಬಲ್ಲರು. ಆದರೆ ಮಂಚದ ಪಕ್ಕದ ಯಂತ್ರದ ಗುಂಡಿಯನ್ನು ಒಂದಿಷ್ಟು ತಿರುಗಿಸಿ, ಬಳಿಕ ಆ ಯಂತ್ರವನ್ನೇ ಮರೆತವರಂತೆ ಮಗುವಿನ ಎದೆಯನ್ನು ಎವೆಯಿಕ್ಕದೆ ನೋಡುತ್ತ ನಿಲ್ಲುವ ಮತ್ತೊಬ್ಬರು ಯಾರೆಂಬುದನ್ನು ಆ ಮಗುವಿನ ತಂದೆತಾಯಿಗಳು ಸಹ ಬಹುಮಟ್ಟಿಗೆ ಅರಿಯರು. ಆಸ್ಪತ್ರೆಯವರು ರೆಸ್ಪಿರೇಟರಿ ಥೆರಪಿಸ್ಟ್ ಎಂದು ಕರೆಯುವ ಈ ಶ್ವಾಸಚಿಕಿತ್ಸಕರ ಕಾರ್ಯವು, ಸ್ಥೂಲವಾಗಿ ಹೇಳುವುದಾದರೆ, ತಾನಾಗಿ ಉಸಿರಾಡಲಾರದ ಮಗುವಿಗೆ ವೈದ್ಯರ ನಿರ್ದೇಶನದಂತೆ ಉಸಿರಿನ ಆಸರೆಯನ್ನು ಒದಗಿಸುವುದು. ಸೂಕ್ಷ್ಮವಾಗಿ ಹೇಳುವುದಾದರೆ, ಆ ಆಸರೆಯು ಅಗತ್ಯಕ್ಕಿಂತ ಲೇಶವೂ ಹೆಚ್ಚಾಗದಂತೆ, ಅಗತ್ಯಕ್ಕಿಂತ ಒಂದು ಗಳಿಗೆಯೂ ಹೆಚ್ಚು ಕಾಲ ಉಳಿಯದಂತೆ ನೋಡಿಕೊಳ್ಳುವುದು.

ಇಷ್ಟೊಂದು ಮಿತಪ್ರಜ್ಞೆ ಏತಕ್ಕೆಂಬುದು ಶಿಶುವಿನ ದೇಹರಚನೆಯನ್ನು ನೋಡಿದರೆ ತಿಳಿಯುತ್ತದೆ. ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ನವಜಾತ ಶಿಶುವು 30ರಿಂದ 60 ಸಲ ಉಸಿರಾಡುತ್ತದೆ; ತೂಕಕ್ಕೆ ಅನುಗುಣವಾಗಿ ಲೆಕ್ಕ ಹಾಕಿದರೆ ಅದಕ್ಕೆ ಬೇಕಾಗುವ ಆಮ್ಲಜನಕವು ವಯಸ್ಕರಿಗಿಂತ ಸುಮಾರು ಇಮ್ಮಡಿ. ಮೂರು ಕಿಲೋ ತೂಕದ ಕೂಸು ಒಂದು ಸಲಕ್ಕೆ ಒಳಗೆಳೆದುಕೊಳ್ಳುವ ಗಾಳಿಯಾದರೋ 15ರಿಂದ 20 ಮಿಲಿಲೀಟರ್, ಎಂದರೆ ಮೂರು ನಾಲ್ಕು ಟೀ ಚಮಚೆಯಷ್ಟು ಮಾತ್ರ. ಸುಮಾರು ನಾಲ್ಕು ಮಿಲಿಮೀಟರ್ ವ್ಯಾಸದ ಶ್ವಾಸನಾಳದ ಒಳಗೋಡೆಯು ಸುತ್ತಲೂ ಒಂದೇ ಮಿಲಿಮೀಟರ್ ಊದಿಕೊಂಡರೂ ಗಾಳಿಯ ಹರಿವಿಗೆ ಒದಗುವ ಅಡ್ಡಿ ಹದಿನಾರು ಪಟ್ಟಾಗುತ್ತದೆ. ದೊಡ್ಡವರಿಗೆ ಬರಿಯ ನೆಗಡಿಯೆನಿಸುವುದು ಹಸುಳೆಯನ್ನು ಆಸ್ಪತ್ರೆಗೆ ಸೇರಿಸಬಲ್ಲದೆಂಬುದರ ರಹಸ್ಯ ಇದೇ.

ಈ ವಿದ್ಯೆಯ ಇತಿಹಾಸದಲ್ಲಿ 1952ನೆಯ ಇಸವಿ ಸ್ಮರಣೀಯವಾದುದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹಬ್ಬಿ, ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಕೊರಳಿನಲ್ಲಿ ರಂಧ್ರ ಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಅವಳ ಶ್ವಾಸಕೋಶಕ್ಕೆ ಗಾಳಿ ತುಂಬಿ ಬದುಕಿಸಿದರು. ಅನಂತರ ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ರೋಗಿಗಳ ಪಕ್ಕದಲ್ಲಿ ಕುಳಿತು ಚೀಲವನ್ನು ಒತ್ತಿದರು. ಇಂದಿನ ವೆಂಟಿಲೇಟರ್ ಆ ಕೈಗಳ ಕೆಲಸವನ್ನು ಮಾಡುತ್ತದೆ; ಕೈಗಳ ಹಿಂದಿದ್ದ ಕಣ್ಣಿನ ಕೆಲಸವನ್ನು ಮಾತ್ರ ಅದು ಮಾಡಲಾರದು.

ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಿಷಯದಲ್ಲಿ ಆ ಕಣ್ಣಿನ ಬೆಲೆ ಎಲ್ಲಕ್ಕಿಂತ ಹೆಚ್ಚು. ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವವು ಅಂಥ ಶಿಶುವಿನಲ್ಲಿ ಸಾಲದಾಗಿರುತ್ತದೆಂದು ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟರು. ಸತತವಾಗಿ ಮೆಲುವಾದ ಒತ್ತಡವನ್ನಿತ್ತು ಆ ಗೂಡುಗಳನ್ನು ತೆರೆದಿಡುವ ಸಿಪ್ಯಾಪ್ ಎಂಬ ವಿಧಾನವನ್ನು ಜಾರ್ಜ್ ಗ್ರೆಗರಿ ಮತ್ತು ಅವರ ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಅದರ ಸರಳವಾದ ರೂಪದಲ್ಲಿ, ಹೊರಬರುವ ಗಾಳಿಯ ನಳಿಕೆಯ ತುದಿಯನ್ನು ನೀರಿನ ಸೀಸೆಯಲ್ಲಿ ಮುಳುಗಿಸಿರುತ್ತಾರೆ. ಐದು ಸೆಂಟಿಮೀಟರ್ ಮುಳುಗಿಸಿದರೆ ಐದು ಸೆಂಟಿಮೀಟರ್ ನೀರಿನ ಒತ್ತಡ. ಗುಳ್ಳೆಗಳೇಳುವುದು ನಿಂತಿತೆಂದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ಚಿಕಿತ್ಸಕರಿಗೆ ಒಡನೆಯೇ ತಿಳಿಯುತ್ತದೆ. ದೊಡ್ಡಬಳ್ಳಾಪುರದ ನೇಕಾರರು ಹಾಸಿನ ನೂಲಿನ ಬಿಗಿಯನ್ನು ಕಾಯುವಂತೆ ಇವರು ಈ ಒತ್ತಡವನ್ನು ಕಾಯುತ್ತಾರೆ: ಸಡಿಲವಾದರೆ ಗೂಡು ಕುಸಿಯುವುದು, ಬಿಗಿಯಾದರೆ ಹರಿಯುವುದು.

ಆಮ್ಲಜನಕಕ್ಕೂ ಇದೇ ನ್ಯಾಯ. ಅದು ಪ್ರಾಣವಾಯುವೇನೋ ಅಹುದು. ಆದರೆ ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಮಿತಿಮೀರಿ ಕೊಟ್ಟರೆ ಅಕ್ಷಿಪಟಲದ ರಕ್ತನಾಳಗಳು ವಿಕೃತವಾಗಿ ಬೆಳೆದು ದೃಷ್ಟಿಯೇ ಹೋಗಬಹುದು. ಆದಕಾರಣ ಇಂಥ ಶಿಶುವಿನ ರಕ್ತದ ಆಮ್ಲಜನಕದ ಪ್ರಮಾಣವನ್ನು ಸಾಮಾನ್ಯವಾಗಿ ಶೇಕಡಾ 90ರಿಂದ 95ರ ನಡುವೆ ನಿಲ್ಲಿಸುತ್ತಾರೆ. ತೆರೆಯ ಮೇಲೆ ನೂರು ಕಂಡು ತಂದೆತಾಯಿಗಳು ಹಿಗ್ಗಿದರೆ, ಚಿಕಿತ್ಸಕರು ಆಮ್ಲಜನಕವನ್ನು ತಗ್ಗಿಸಲು ಧಾವಿಸುತ್ತಾರೆ. ಗ್ರಾಮಾಂತರ ಭಾಗದ ನವಜಾತ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆದು, ದೂರದಿಂದಲೇ ತಜ್ಞರು ಪರೀಕ್ಷಿಸುವ ಕಿಡ್‌ರಾಪ್ ಯೋಜನೆಯನ್ನು ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದುದು ಈ ಅಪಾಯವನ್ನು ಕುರಿತೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಂಥ ಸೀಮೆಯ ಮಕ್ಕಳಿಗೆ ಉಸಿರಿನ ಸಂಕಟವು ಹಲವು ದಾರಿಗಳಿಂದ ಬರುತ್ತದೆ. ಕಡಲೆಕಾಯಿ ಕಾಳನ್ನೋ ಹುಣಸೆಬೀಜವನ್ನೋ ಬಾಯಲ್ಲಿಟ್ಟುಕೊಂಡು ನಗುತ್ತ ಓಡಿದ ಕೂಸಿನ ಶ್ವಾಸನಾಳಕ್ಕೆ ಅದು ಜಾರುತ್ತದೆ. ಹೊಲದ ಅಂಚಿನ ಮನೆಯಲ್ಲಿ ನೆಲದ ಮೇಲೆ ಮಲಗಿದ ಮಗುವಿಗೆ ಕಟ್ಟುಹಾವು ಕಚ್ಚಿದರೆ, ವಿಷವು ಉಸಿರಾಟದ ಸ್ನಾಯುಗಳನ್ನೇ ಸ್ತಂಭಿಸಬಹುದು. ಆಗ ಪ್ರತಿವಿಷದ ಜೊತೆಗೆ ಯಂತ್ರವು ಕೆಲವು ದಿನ ಉಸಿರಾಡಿಸಿದರೆ ಮಗು ಪೂರ್ಣವಾಗಿ ಚೇತರಿಸಿಕೊಳ್ಳುವ ಸಂಭವವುಂಟು. ಉಬ್ಬಸದ ಮಾತಂತೂ ಹೇಳತಕ್ಕದ್ದೇ ಇಲ್ಲ: ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ಆ ನಗರದ ಹೊಗೆ ಧೂಳುಗಳು ಹೆದ್ದಾರಿಗುಂಟ ನೆಲಮಂಗಲ, ಹೊಸಕೋಟೆಗಳನ್ನು ಮುಟ್ಟಿರುವುದನ್ನು ಕಣ್ಣಿದ್ದವರೆಲ್ಲ ಕಂಡಿದ್ದಾರೆ. “ಪಂಪು ಅಭ್ಯಾಸವಾಗಿಬಿಡುತ್ತದಲ್ಲವೆ, ಮೇಡಂ?” ಎಂದು ಅಂಜುವ ತಾಯಿಗೆ, ಇನ್‌ಹೇಲರಿನ ಔಷಧವು ನೆಟ್ಟಗೆ ಶ್ವಾಸಕೋಶಕ್ಕೇ ಹೋಗುವುದರಿಂದ ಅತ್ಯಲ್ಪ ಪ್ರಮಾಣವೇ ಸಾಕಾಗುವುದೆಂದು ವಿವರಿಸಿ, ಸ್ಪೇಸರ್ ಕೊಳವೆಯ ಮುಖವಾಡವನ್ನು ಮಗುವಿನ ಮುಖಕ್ಕೆ ಬಿಗಿಯಾಗಿ ಹಿಡಿಯುವುದನ್ನು ಅವಳ ಕೈಯಿಂದಲೇ ಮಾಡಿಸಿ ನೋಡುವುದೂ ಶ್ವಾಸಚಿಕಿತ್ಸಕರ ದಿನಗೆಲಸದ ಭಾಗವೇ.

ಆದರೂ ಅವರ ವಿದ್ಯೆಯ ಪರೀಕ್ಷೆ ನಡೆಯುವುದು ಯಂತ್ರವನ್ನು ಜೋಡಿಸುವಾಗ ಅಲ್ಲ, ಬಿಡಿಸುವಾಗ. ಹೆಚ್ಚು ದಿನ ಯಂತ್ರದ ಮೇಲಿದ್ದ ಮಗುವಿನ ಸ್ನಾಯುಗಳು ದುರ್ಬಲವಾಗುತ್ತವೆ. ನಳಿಕೆಯೇ ಸೋಂಕಿಗೆ ದಾರಿಯಾಗುತ್ತದೆ. ಹಾಗೆಂದು ಅವಸರಪಟ್ಟು ತೆಗೆದರೆ ಬಳಲಿದ ಮಗುವಿಗೆ ಮರಳಿ ನಳಿಕೆಯಿಡಬೇಕಾದ ಘೋರ ಪ್ರಸಂಗ ಒದಗುತ್ತದೆ. ಆದುದರಿಂದ ಯಂತ್ರದ ಪಾಲನ್ನು ಮೆಲ್ಲಮೆಲ್ಲನೆ ಇಳಿಸುತ್ತ, ರಕ್ತದಲ್ಲಿನ ಅನಿಲಗಳ ಪರೀಕ್ಷೆಯನ್ನು ಓದುತ್ತ, ಕಫವನ್ನು ಹೀರಿ ತೆಗೆಯುತ್ತ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಪಕ್ಕೆ ಒಳಸೇದುತ್ತಿದೆಯೇ ಎಂದು ಗಮನಿಸುತ್ತ, ದಣಿವು ಮತ್ತು ಭಯ ಇವೆರಡರಲ್ಲಿ ಯಾವುದು ಮಗುವಿನ ಉಸಿರನ್ನು ಚುರುಕುಗೊಳಿಸಿದೆಯೆಂದು ವಿವೇಚಿಸುತ್ತ ಅವರು ಆ ಮುಹೂರ್ತವನ್ನು ನಿರೀಕ್ಷಿಸುತ್ತಾರೆ.

ಇಂಥವರನ್ನು ತಯಾರಿಸುವ ಪದವಿ ಶಿಕ್ಷಣ ಕರ್ನಾಟಕದಲ್ಲಿ ಉಂಟು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದನ್ನು ನಡೆಸುತ್ತದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಈ ವೃತ್ತಿಗೆ ಶಾಸನದ ಮನ್ನಣೆಯನ್ನೂ ಇತ್ತಿದೆ. ಆದರೆ ಈ ವಿದ್ಯಾವಂತರು ಬಹುತೇಕ ದೊಡ್ಡ ಆಸ್ಪತ್ರೆಗಳಲ್ಲೇ ನಿಲ್ಲುತ್ತಾರೆ. ತಾಲ್ಲೂಕಿನ ಮಗು 108ರ ತುರ್ತು ವಾಹನವೇರಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೊರಟಾಗ, ದಾರಿಯ ಕುಲುಕಾಟದಲ್ಲಿ ನಳಿಕೆ ಜಾರದಂತೆ, ಸಿಲಿಂಡರ್ ಬರಿದಾಗದಂತೆ ಕಾಯಬೇಕಾದವರಿಗೆ ಈ ತರಬೇತಿಯ ಒಂದಂಶವಾದರೂ ಇರಬೇಡವೆ?

ಅದರ ಮೊದಲ ಪಾಠವಂತೂ ಯಂತ್ರವನ್ನು ಬೇಡುವುದಿಲ್ಲ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ, ಒಂದು ವರ್ಷದೊಳಗಿನದು 50 ಸಲ, ಐದು ವರ್ಷದೊಳಗಿನದು 40 ಸಲ ಅಥವಾ ಅದಕ್ಕೂ ಹೆಚ್ಚು ಉಸಿರಾಡಿದರೆ, ಇಲ್ಲವೆ ಅದರ ಪಕ್ಕೆ ಒಳಕ್ಕೆ ಸೇದಿಕೊಂಡರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕೆಂಬುದನ್ನು ಆಶಾ ಕಾರ್ಯಕರ್ತೆಯರೂ ಮನೆಯ ಅಜ್ಜಿಯರೂ ಕಲಿಯಬಲ್ಲರು. ಮನೆಯಲ್ಲೇ ಉಸಿರನ್ನು ಸರಿಯಾದ ವೇಳೆಗೆ ಎಣಿಸಿದರೆ, ಎಷ್ಟೋ ಮಕ್ಕಳಿಗೆ ತೀವ್ರನಿಗಾ ಘಟಕದ ಆಸರೆಯೇ ಬೇಕಾಗದು. ಅಗತ್ಯಕ್ಕಿಂತ ಹೆಚ್ಚು ಕೊಡಬಾರದೆಂಬುದನ್ನೇ ವ್ರತವಾಗಿ ಹಿಡಿದ ಶ್ವಾಸಚಿಕಿತ್ಸಕರು ಇದಕ್ಕಿಂತ ಹೆಚ್ಚಿನದೇನನ್ನೂ ಬಯಸರು.