ಪಾದ್ರೆ ಪಿಯೊ ಕಟ್ಟಿಸಿದ ಊರು

ಪಾಪನಿವೇದನೆಗೂ ಟೋಕನ್! ದಕ್ಷಿಣ ಇಟಲಿಯ ಸಾನ್ ಜೊವಾನ್ನಿ ರೊತೊಂದೊದ ಕಪುಚಿನ್ ಮಠ 1950ರಲ್ಲಿ ಈ ಏರ್ಪಾಡಿಗೆ ಇಳಿಯಬೇಕಾಯಿತು. ಅಲ್ಲಿನ ಸನ್ಯಾಸಿ ಪಾದ್ರೆ ಪಿಯೊ ಎದುರು ಮೊಣಕಾಲೂರಲು ಜನ ದಿನಗಟ್ಟಲೆ ಕಾಯುತ್ತಿದ್ದರು. ಬಾಯಿಮಾತಿಗೆ ಪಾಪ ಒಪ್ಪಿಸುವವರನ್ನು ಅವರು ಗದರಿ, ಕ್ಷಮಾದಾನ ಕೊಡದೆ ಎಬ್ಬಿಸಿ ಕಳಿಸುವುದೂ ಇತ್ತು. ಹಾಗೆ ಬೈಸಿಕೊಂಡವರೇ ಮತ್ತೆ ಸಾಲಿಗೆ ಬರುತ್ತಿದ್ದರು.

1916ರಲ್ಲಿ ಪಾದ್ರೆ ಪಿಯೊ ಬಂದಾಗ ಗಾರ್ಗಾನೊ ಗುಡ್ಡಗಳ ನಡುವಿನ ಇದೊಂದು ಬಡ ಊರು; ಮಠಕ್ಕಿದ್ದದ್ದು ಹೇಸರಗತ್ತೆ ನಡೆಯುವಂಥ ದಾರಿ. 1918ರ ಸೆಪ್ಟೆಂಬರ್ 20ರಂದು ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಯೇಸುವಿನ ಪಂಚಗಾಯಗಳು ಅವರ ಮೈಮೇಲೆ ಮೂಡಿದವೆಂಬುದು ಭಕ್ತರ ನಂಬಿಕೆ. ಅಂಗೈ ಮುಚ್ಚಲು ಬೆರಳಿಲ್ಲದ ಕಂದು ಕೈಗವಸು ಬಂತು. ಈ ಗಾಯಗಳ ಬಗ್ಗೆ ವೈದ್ಯರಲ್ಲೇ ಒಮ್ಮತವಿರಲಿಲ್ಲ. ರೋಮ್‌ನ ಧರ್ಮಪೀಠವಂತೂ 1931ರಿಂದ ಎರಡು ವರ್ಷ ಅವರು ಜನರೆದುರು ಬಲಿಪೂಜೆ ಅರ್ಪಿಸದಂತೆ ತಡೆದಿತ್ತು. ಅದೇ ರೋಮ್ 2002ರಲ್ಲಿ ಸಂತ ಪದವಿ ಕೊಟ್ಟಿತು!

ಗಾಯದ ವಾದ ಏನೇ ಇರಲಿ, ಅದನ್ನು ನಂಬಿ ಜನ ಕೊಟ್ಟ ಕಾಣಿಕೆ ಎಲ್ಲಿಗೆ ಹೋಯಿತೆಂದು ತಿಳಿಯಲು ಮಠದ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಸಾಕು. ಗುಡ್ಡದ ಮೈಗೆ ಆನಿಸಿಟ್ಟಂತಿರುವ ಬೃಹತ್ ಆಸ್ಪತ್ರೆ ಅಲ್ಲಿದೆ. ಅದರ ಹೆಸರಿನ ಅರ್ಥ ‘ನೋವು ತಣಿಸುವ ಮನೆ’. 1947ರಲ್ಲಿ ಕೆಲಸ ಶುರುವಾದಾಗ ಇಟಲಿ ಯುದ್ಧದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಕಟ್ಟಡದ ಉಸ್ತುವಾರಿ ಹೊತ್ತ ಆಂಜೆಲೊ ಲೂಪಿಗೆ ಎಂಜಿನಿಯರಿಂಗ್ ಪದವಿಯೇ ಇರಲಿಲ್ಲ. ವಿಶ್ವಸಂಸ್ಥೆಯ ಯುದ್ಧಪರಿಹಾರ ನಿಧಿಯಿಂದಲೂ ನೆರವು ಬಂತು. 1956ರ ಮೇ 5ರಂದು ಬಾಗಿಲು ತೆರೆದ ಈ ಆಸ್ಪತ್ರೆ ಇಂದು ತಳಿವಿಜ್ಞಾನದ ಸಂಶೋಧನೆಗೂ ಹೆಸರುವಾಸಿ. ಜಪಮಾಲೆ ಹಿಡಿದವರ ಜೊತೆಗೆ ಎಕ್ಸ್‌ರೇ ಲಕೋಟೆ ಹಿಡಿದವರೂ ಬರುವ ಯಾತ್ರಾಸ್ಥಳ ಇದು.

1968ರಲ್ಲಿ ಪಾದ್ರೆ ಪಿಯೊ ತೀರಿಕೊಂಡ ಮೇಲೆ ಊರು ಇನ್ನಷ್ಟು ಬೆಳೆಯಿತು. ಬೀದಿ ತುಂಬ ಹೋಟೆಲು, ಗಡ್ಡದ ಸಂತನ ಗೊಂಬೆ ಮಾರುವ ಅಂಗಡಿ. 2004ರಲ್ಲಿ ರೆಂಜೊ ಪಿಯಾನೊ ವಿನ್ಯಾಸದ ಹೊಸ ಇಗರ್ಜಿ ತೆರೆಯಿತು. ಅಲ್ಲಿನ ಕಲ್ಲಿನ ಕಮಾನುಗಳ ಕೆಳಗೆ ಸುಮಾರು 6,500 ಮಂದಿ ಕೂರಬಹುದು. ನೆಲಮಾಳಿಗೆಯ ಗೋಡೆಗಳಲ್ಲಿ ಚಿನ್ನದ ಹೊಳಪಿನ ಮೊಸಾಯಿಕ್. ಗಾಜಿನ ಪೆಟ್ಟಿಗೆಯಲ್ಲಿ ಸಂತನ ದೇಹ, ಮುಖಕ್ಕೆ ಸಿಲಿಕೋನ್ ಮುಖವಾಡ. ಬಡತನದ ವ್ರತ ಹಿಡಿದ ಸನ್ಯಾಸಿಗೆ ಇಷ್ಟು ಬಂಗಾರವೇಕೆ ಎಂದು ಇಟಲಿಯ ಭಕ್ತರೂ ಕೇಳಿದ್ದಾರೆ. ನನಗೂ ಪಕ್ಕದ ಹಳೆಯ ಪುಟ್ಟ ಇಗರ್ಜಿಯೇ ಹೆಚ್ಚು ಹಿಡಿಸುತ್ತದೆ.

ಹೋಗುವವರು ಫೋಜ್ಜಾವರೆಗೆ ರೈಲಿನಲ್ಲಿ ಬಂದು ಬಸ್ಸು ಹಿಡಿಯಬೇಕು. ಸೆಪ್ಟೆಂಬರ್ 23ರ ಸಂತನ ಹಬ್ಬಕ್ಕಾದರೆ ರೂಮು ಮೊದಲೇ ಕಾದಿರಿಸಿಕೊಳ್ಳುವುದು ಜಾಣತನ.