ಅಗಲಿದ ನಾಯಿ, ಬರಲಿರುವ ಮರಿ: ನಂಬಿಕೆ ಎಷ್ಟು, ನಿಜ ಎಷ್ಟು?

ಹತ್ತು ಹನ್ನೆರಡು ವರ್ಷ ಜೊತೆಗಿದ್ದ ನಾಯಿ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಾರೆ. ‘ಯಜಮಾನರ ಕಂಟಕ ಅದು ತಗೊಂಡು ಹೋಯ್ತು ಬಿಡಿ’ ಎನ್ನುವವರು ಒಬ್ಬರು, ‘ನಾಳೆನೇ ಇನ್ನೊಂದು ಮರಿ ತನ್ನಿ’ ಎನ್ನುವವರು ಇನ್ನೊಬ್ಬರು, ‘ನಿಮ್ಮನೆಗೆ ನಾಯಿ ಆಗಿಬರಲ್ಲ’ ಎನ್ನುವವರು ಮತ್ತೊಬ್ಬರು. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಈ ಮಾತುಗಳನ್ನೇ ನಂಬಿ ನಡೆದಾಗ ತೊಂದರೆಗೆ ಸಿಕ್ಕುವುದು ಮುಂದೆ ಬರುವ ಮೂಕಜೀವ. ಹೀಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ‘ನಾಯಿ ಸತ್ತಿದ್ದಕ್ಕೆ ಇಷ್ಟೊಂದು ಅಳೋದು ಪೇಟೆಯವರ ಹೊಸ ಶೋಕಿ’

ಸತ್ಯ: ಕನ್ನಡ ನಾಡಿನಲ್ಲಿ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಸಾವಿರ ವರ್ಷ ದಾಟಿದೆ. ಕ್ರಿ.ಶ. 949-50ರ ಆತಕೂರು ಶಾಸನ ಅದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ಎಂಬ ಯೋಧನಿಗೆ, ಬೇಕಾದುದನ್ನು ಕೇಳಿಕೋ ಎಂದು ಅವನ ದೊರೆ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೆರ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಆ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆಂದೇ ಕಟ್ಟಿದ ಗುಡಿಯಿದೆ.

ಈ ದುಃಖ ಹೆಚ್ಚು ಸುಡುವುದಕ್ಕೆ ಒಂದು ಕಾರಣ, ಅದನ್ನು ಸುತ್ತಲಿನವರು ದುಃಖವೆಂದೇ ಒಪ್ಪುವುದಿಲ್ಲ. ಮನುಷ್ಯರು ಸತ್ತರೆ ರಜೆ ಸಿಗುತ್ತದೆ, ಮಾತಾಡಿಸಲು ನೆಂಟರು ಬರುತ್ತಾರೆ, ತಿಥಿ ನಡೆಯುತ್ತದೆ. ನಾಯಿ ಸತ್ತ ಮರುದಿನ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹೋಗಬೇಕು. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖವನ್ನು ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ವಿವರಿಸಿದ್ದರು. ಹೇಳಿಕೊಳ್ಳಲು ಜಾಗವಿಲ್ಲದ ನೋವು ಬೇಗ ಆರುವುದಿಲ್ಲ. ಅತ್ತುಬಿಡಿ, ನಾಚಿಕೆ ಬೇಡ.

ತಪ್ಪು ಕಲ್ಪನೆ 2: ‘ಮನೆಗೆ ಬರಬೇಕಿದ್ದ ಕಂಟಕವನ್ನ ನಾಯಿ ತನ್ನ ಮೇಲೆ ಎಳ್ಕೊಂಡಿತು’

ಸತ್ಯ: ನಾಯಿಯ ಮೇಲಿನ ಗೌರವದಿಂದಲೇ ಹುಟ್ಟಿದ ಮಾತಿದು. ಆದರೆ ಇಷ್ಟು ಹೇಳಿ ಸುಮ್ಮನಾದರೆ ಸಾವಿನ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. ಕೆಲವು ಕಾರಣಗಳು ಮನೆಯವರಿಗೂ ಅಪಾಯ ತರುವಂಥವು. ಇಲಿಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೆ ಬರುತ್ತದೆ. ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ಒದ್ದೆ ಮಣ್ಣಿನಲ್ಲಿ ಅದರ ರೋಗಾಣು ವಾರಗಟ್ಟಲೆ ಬದುಕಬಲ್ಲದು. ಇನ್ನು ಸಾಯುವ ಮೊದಲು ನಾಯಿಯ ನಡವಳಿಕೆ ಬದಲಾಗಿದ್ದರೆ, ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ ರೇಬಿಸ್ ಇದ್ದಿರಬಹುದು. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯಕ್ಕೆ ಜೊಲ್ಲು ತಾಗಿದವರು ಅಂದೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಂದ ಬದುಕುಳಿಯುವುದು ಅತ್ಯಂತ ಅಪರೂಪ.

ತಪ್ಪು ಕಲ್ಪನೆ 3: ‘ನಮ್ಮನೆಗೆ ನಾಯಿ ಆಗಿಬರಲ್ಲ, ತಂದ ಮರಿಗಳೆಲ್ಲ ಸಾಯ್ತವೆ’

ಸತ್ಯ: ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಮರಿಗಳು ಸತ್ತರೆ ಮೊದಲು ಅನುಮಾನಿಸಬೇಕಾದ್ದು ಪಾರ್ವೊ ವೈರಸ್ಸನ್ನು. ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ನಿತ್ರಾಣವಾಗುತ್ತದೆ. ಸತ್ತ ಮರಿಯನ್ನು ಮಣ್ಣು ಮಾಡಿದರೂ ಅದರ ಮಲದಲ್ಲಿದ್ದ ವೈರಸ್ ಅಂಗಳದಲ್ಲಿ, ಗೋಣಿತಾಟಿನಲ್ಲಿ, ಅನ್ನದ ತಟ್ಟೆಯಲ್ಲಿ, ನಮ್ಮ ಚಪ್ಪಲಿಯಲ್ಲಿ ಉಳಿದಿರುತ್ತದೆ. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಅದು ಸಾಯುವುದಿಲ್ಲ. ದುಃಖ ತಡೆಯಲಾರದೆ ಹದಿನೈದು ದಿನದಲ್ಲಿ ತಂದ ಹೊಸ ಮರಿ ಅದೇ ಅಂಗಳದಲ್ಲಿ ಮೂಸಿ ನೆಕ್ಕಿ ಓಡಾಡುತ್ತದೆ, ಅದಕ್ಕೂ ಅದೇ ರೋಗ ತಗಲುತ್ತದೆ. ಎರಡನೆಯ ಸಾವಿಗೆ ಮನೆಯವರು ವಾಸ್ತುವನ್ನೋ ಗ್ರಹಗತಿಯನ್ನೋ ಹಳಿಯುತ್ತಾರೆ.

ಫಿನಾಯಿಲ್ ಹಾಕಿ ತೊಳೆದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಪಾರ್ವೊ ಅದಕ್ಕೆ ಜಗ್ಗುವುದಿಲ್ಲ. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆದು, ಆಮೇಲೆ ದ್ರವರೂಪದ ಬ್ಲೀಚ್ ಒಂದು ಪಾಲಿಗೆ ಸುಮಾರು 30 ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಟ್ಟು ತೊಳೆಯಬೇಕು. ಬ್ಲೀಚನ್ನು ಆಸಿಡ್ ಜೊತೆಗಾಗಲಿ ಬೇರೆ ಯಾವುದೇ ಕ್ಲೀನರ್ ಜೊತೆಗಾಗಲಿ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಹಳೆಯ ಹಾಸಿಗೆ, ಬಟ್ಟೆಯ ಬೆಲ್ಟ್, ಮರದ ಪೆಟ್ಟಿಗೆಗಳ ಆಸೆ ಬಿಡಿ. ಮಣ್ಣಿನ ಅಂಗಳವನ್ನು ಬ್ಲೀಚಿನಿಂದ ಶುದ್ಧ ಮಾಡಲಾಗದು. ಅಂಥ ಮನೆಗೆ ಎಳೆಯ ಮರಿ ತರುವುದಾದರೆ ವರ್ಷ ಕಾಯುವುದು ಕ್ಷೇಮ. ಇಲ್ಲವೇ ಲಸಿಕೆಗಳೆಲ್ಲ ಪೂರ್ಣವಾಗಿರುವ ದೊಡ್ಡ ನಾಯಿಯನ್ನೇ ತನ್ನಿ. ಮರಿಗೆ ಆರರಿಂದ ಎಂಟು ವಾರದ ವಯಸ್ಸಿಗೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ ಕೊಡಿಸಬೇಕು. ‘ಒಂದು ಇಂಜೆಕ್ಷನ್ ಆಗಿದೆ’ ಎಂಬ ಮಾರುವವರ ಮಾತನ್ನು ನಂಬಿ ಕೂರಬೇಡಿ.

ಉಣ್ಣಿಯ ಕಾಟವೂ ಇಷ್ಟೇ ಗಟ್ಟಿ. ನಾಯಿ ಉಣ್ಣಿಜ್ವರದಿಂದ ಸತ್ತಿದ್ದರೆ ಉಣ್ಣಿಗಳು ಗೋಡೆಯ ಬಿರುಕಿನಲ್ಲಿ, ಕಿಟಕಿಯ ಸಂದಿಯಲ್ಲಿ, ಗೂಡಿನ ಮೂಲೆಯಲ್ಲಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಕಾದಿರುತ್ತವೆ. ಬಿರುಕು ಮುಚ್ಚಿಸಿ, ವೈದ್ಯರನ್ನು ಕೇಳಿ ಔಷಧಿ ಹೊಡೆಸಿದ ಮೇಲೆಯೇ ಹೊಸ ನಾಯಿಯನ್ನು ಕರೆತನ್ನಿ.

ತಪ್ಪು ಕಲ್ಪನೆ 4: ‘ಇಂಜೆಕ್ಷನ್ ಕೊಡಿಸಿದೋರು ಕೊಂದ ಹಾಗೆಯೇ’

ಸತ್ಯ: ವಾಸಿಯಾಗದ ನೋವಿನಲ್ಲಿರುವ ನಾಯಿಗೆ ಪಶುವೈದ್ಯರು ದಯಾಮರಣ ಕೊಡುವಾಗ ಬಳಸುವುದು ಹೆಚ್ಚಿನ ಪ್ರಮಾಣದ ಅರಿವಳಿಕೆ ಔಷಧಿಯನ್ನು. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು ಮತ್ತು ಹೃದಯ ನಿಲ್ಲುತ್ತವೆ. ಕೊನೆಯಲ್ಲಿ ಮೈ ಅದುರುವುದು, ಕಣ್ಣು ತೆರೆದೇ ಇರುವುದು ನೋವಿನ ಗುರುತಲ್ಲ. ಆ ನಿರ್ಧಾರ ಮಾಡಿದವರು ಕೊಟ್ಟಿದ್ದು ಬಿಡುಗಡೆಯನ್ನು. ಅವರನ್ನು ದೂರಬೇಡಿ, ಅವರೂ ತಮ್ಮನ್ನು ದೂರಿಕೊಳ್ಳದಿರಲಿ.

ತಪ್ಪು ಕಲ್ಪನೆ 5: ‘ಕೂಡಲೇ ತಂದರೆ ದುಃಖ ಮರೆಯುತ್ತೆ’, ‘ವರ್ಷ ತುಂಬುವ ಮೊದಲು ತಂದರೆ ದ್ರೋಹ’

ಸತ್ಯ: ಎರಡೂ ಸರಿಯಲ್ಲ. ದುಃಖಕ್ಕೆ ಇಷ್ಟೇ ದಿನವೆಂಬ ಲೆಕ್ಕವಿಲ್ಲ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳನ್ನು ಎಲ್ಲರೂ ಒಂದೊಂದಾಗಿ ದಾಟಲೇಬೇಕೆಂದು ಜನ ಭಾವಿಸಿದ್ದಾರೆ. ಆಕೆ ಅವನ್ನು ಕಂಡದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳಲ್ಲಿ. ನಾಯಿ ಕಳೆದುಕೊಂಡವರಿಗೆ ಹಾಕಿದ ವೇಳಾಪಟ್ಟಿ ಅದಲ್ಲ. ಒಬ್ಬರಿಗೆ ಒಂದು ತಿಂಗಳು ಸಾಕು, ಇನ್ನೊಬ್ಬರಿಗೆ ಮೂರು ವರ್ಷವೂ ಸಾಲದು. ಹೊಸ ನಾಯಿಯನ್ನು ಅದರದೇ ಸ್ವಭಾವಕ್ಕಾಗಿ ಇಷ್ಟಪಡಬಲ್ಲೆವೇ, ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ, ಬೆಳಗಿನ ವಾಕಿಂಗ್‌ಗೆ ಕರೆದೊಯ್ಯುವವರು ಯಾರು, ಇವಕ್ಕೆ ಉತ್ತರ ಸಿಕ್ಕಿತೆಂದರೆ ಕಾಲ ಕೂಡಿಬಂದಿದೆ. ದುಃಖದಲ್ಲಿರುವ ವಯಸ್ಸಾದ ಅಪ್ಪ ಅಮ್ಮನಿಗೆ ಹೇಳದೆ ಕೇಳದೆ ಮರಿ ತಂದು ಮಡಿಲಿಗೆ ಹಾಕಬೇಡಿ.

ತಪ್ಪು ಕಲ್ಪನೆ 6: ‘ಅದೇ ಜಾತಿ, ಅದೇ ಬಣ್ಣದ ಮರಿ ತಂದರೆ ಅದೇ ನಾಯಿ ವಾಪಸ್ ಬಂದ ಹಾಗೆ’

ಸತ್ಯ: 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ನೋಡಿ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸರಾಸರಿ ಶೇ 9ರಷ್ಟೇ ಎಂದು ತೋರಿಸಿತು. ಉಳಿದದ್ದು ಆ ನಾಯಿಯದೇ ಆದ ಗುಣ, ಅದು ಬೆಳೆದ ರೀತಿ. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸ್ನಪ್ಪಿ ಎಂಬ ಮೊದಲ ತದ್ರೂಪಿ ನಾಯಿ ಹುಟ್ಟಿದ ಮೇಲೆ ಹಣ ತೆತ್ತು ತದ್ರೂಪಿ ಮಾಡಿಸುವವರೂ ಇದ್ದಾರೆ. ವಂಶವಾಹಿ ಒಂದೇ ಆದರೂ ಸ್ವಭಾವ ಅಚ್ಚೊತ್ತಿದಂತೆ ಬರುವುದಿಲ್ಲ. ‘ನಮ್ಮ ರಾಜ ಹೀಗೆ ಮಾಡ್ತಿರಲಿಲ್ಲ’ ಎಂದು ದಿನವೂ ಬೈಸಿಕೊಳ್ಳುವ ಮರಿಯ ತಪ್ಪೇನು? ಅದಕ್ಕೆ ಅದರದೇ ಹೆಸರಿಡಿ. ಹಳೆಯ ನಾಯಿಯ ಹೆಸರು ಹಳೆಯದಕ್ಕೇ ಇರಲಿ.

ತಪ್ಪು ಕಲ್ಪನೆ 7: ‘ದೊಡ್ಡ ನಾಯಿ ನಮಗೆ ಹೊಂದಲ್ಲ, ಮರಿಯನ್ನೇ ತರಬೇಕು’

ಸತ್ಯ: 2001ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಹಂಗೇರಿಯ ಸಂಶೋಧಕರು ಆಶ್ರಯಧಾಮದ ದೊಡ್ಡ ನಾಯಿಗಳನ್ನು ಗಮನಿಸಿದಾಗ, ಹತ್ತು ಹತ್ತು ನಿಮಿಷದ ಮೂರು ಭೇಟಿಗಳಲ್ಲೇ ಅವು ಹೊಸಬರನ್ನು ಹಚ್ಚಿಕೊಳ್ಳತೊಡಗಿದವು. ಮೂಳೆ ಸವೆದ ಹಿರಿಯರಿರುವ ಮನೆಗೆ ಎಗರಾಡುವ ಮರಿಗಿಂತ ನಾಲ್ಕೈದು ವರ್ಷದ ಸಮಾಧಾನದ ನಾಟಿ ನಾಯಿ ಎಷ್ಟೋ ಮೇಲು.

ತಪ್ಪು ಕಲ್ಪನೆ 8: ‘ಮಕ್ಕಳಿಗೂ ಉಳಿದ ನಾಯಿಗೂ ಏನೂ ಗೊತ್ತಾಗಲ್ಲ’

ಸತ್ಯ: ‘ಓಡಿಹೋಯ್ತು’ ಎಂದರೆ ಮಗು ಗೇಟಿನ ಬಳಿ ಕಾಯುತ್ತದೆ. ‘ನಿದ್ದೆ ಮಾಡ್ತಿದೆ’ ಎಂದರೆ ತಾನು ಮಲಗಲು ಹೆದರಬಹುದು. ‘ಸತ್ತುಹೋಯಿತು, ಇನ್ನು ಬರುವುದಿಲ್ಲ, ಅದಕ್ಕೆ ನೋವಿಲ್ಲ’ ಎಂದು ನೇರವಾಗಿ ಹೇಳಿ, ಜೊತೆಗೆ ಕೂರಿ. ಇನ್ನು ಉಳಿದ ನಾಯಿಯ ಮಾತು. 2022ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಇಟಲಿಯಲ್ಲಿ ನಾಯಿ ಸಾಕಿದ 426 ಜನರನ್ನು ಕೇಳಿದಾಗ, ಜೊತೆಗಾರ ಸತ್ತ ಮೇಲೆ ತಮ್ಮ ನಾಯಿ ಬದಲಾಯಿತು ಎಂದವರು ಶೇ 86. ಆಟ ಬಿಟ್ಟಿತ್ತು, ಊಟ ಕಡಿಮೆಯಾಗಿತ್ತು, ಮನೆಯವರ ಬೆನ್ನು ಬಿಡುತ್ತಿರಲಿಲ್ಲ. ಊಟದ, ವಾಕಿಂಗಿನ ಹೊತ್ತು ತಪ್ಪಿಸದಿರುವುದು ಅದಕ್ಕೆ ಆಸರೆ. ಎರಡು ದಿನ ಊಟ ಮುಟ್ಟದಿದ್ದರೆ ದುಃಖವೆಂದು ಬಿಡದೆ ವೈದ್ಯರಿಗೆ ತೋರಿಸಿ. ಸತ್ತ ನಾಯಿಯ ರೋಗವೇ ಇದಕ್ಕೂ ಅಂಟಿರಬಹುದು. ಅದರ ಒಂಟಿತನಕ್ಕೆ ಔಷಧಿಯೆಂದು ಅವಸರದಲ್ಲಿ ಮತ್ತೊಂದನ್ನು ತರಬೇಡಿ. ತಂದಾಗ ಮನೆಯ ಹೊರಗೆ, ಎರಡರದೂ ಅಲ್ಲದ ಜಾಗದಲ್ಲಿ ಪರಿಚಯ ಮಾಡಿಸಿ, ತಟ್ಟೆಗಳನ್ನು ಬೇರೆ ಬೇರೆ ಇಡಿ.

ನಾಯಿಯನ್ನು ಕಳೆದುಕೊಂಡವರಲ್ಲಿ ಒಂದು ವಿನಂತಿ. ಮುಂದಿನ ಮರಿಯನ್ನು ನೋಡಲು ಹೋಗುವ ಮೊದಲು ಪಶುವೈದ್ಯರನ್ನು ಕಂಡು, ಹಿಂದಿನದು ಯಾವ ಕಾರಣಕ್ಕೆ ಸತ್ತಿತೆಂದು ಕೇಳಿ ಬರೆಸಿಕೊಳ್ಳಿ. ಆ ಕಾರಣಕ್ಕೆ ತಕ್ಕಂತೆ ಮನೆ ಶುದ್ಧವಾಗಲಿ, ಲಸಿಕೆಯ ತಾರೀಖುಗಳು ಗೋಡೆಯ ಕ್ಯಾಲೆಂಡರಿಗೆ ಏರಲಿ. ನೀವು ಹಿಂದಿನ ನಾಯಿಯನ್ನು ಎಷ್ಟು ಪ್ರೀತಿಸಿದಿರಿ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆ ಪ್ರೀತಿಯ ಜೊತೆಗೆ ಈ ತಿಳಿವಳಿಕೆಯೂ ಇದ್ದರೆ ಮುಂದಿನದು ಬಾಳಿ ಬದುಕುತ್ತದೆ.